ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ವಾಯುವಿಹಾರಿಗಳ ಸಂಘದಲ್ಲಿ ನಡಿಗೆ ರಿಲೇ ನಡೆಸುವ ಸಮಗ್ರ ಮಾರ್ಗದರ್ಶಿ

ಸಂಘದ ವಾರ್ಷಿಕೋತ್ಸವಕ್ಕೆಂದು ನಡಿಗೆ ರಿಲೇ ಇಟ್ಟಾಗ ಸಾಮಾನ್ಯವಾಗಿ ಆಗುವುದು ಇಷ್ಟು. ಚುರುಕಾಗಿ ನಡೆಯುವ ನಾಲ್ವರು ಮೊದಲೇ ಮಾತಾಡಿಕೊಂಡು ಒಂದು ತಂಡವಾಗುತ್ತಾರೆ. ಉಳಿದವರಿಗೆ ಚೀಟಿ ಎತ್ತಿಸುತ್ತಾರೆ. ಕೊನೆಯ ಐವತ್ತು ಮೀಟರ್ ಬಂತೆಂದರೆ ಅರ್ಧಕ್ಕರ್ಧ ಜನ ಓಡಿಯೇ ಬಿಡುತ್ತಾರೆ. ಇಡ್ಲಿ ವಡೆಯ ಹೊತ್ತಿಗೆ "ಅವರು ಓಡಿದ್ರು", "ಅವರದ್ದು ಎರಡೇ ಸುತ್ತು, ನಮ್ಮದು ಮೂರು" ಎಂಬ ತಕರಾರು ಶುರು. ನಿಧಾನವಾಗಿ ನಡೆಯುವ ಹಿರಿಯರೂ ಹೊಸಬರೂ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದಕ್ಕೆಲ್ಲ ಜನರ ಸ್ವಭಾವವನ್ನು ದೂರಿ ಪ್ರಯೋಜನವಿಲ್ಲ. ತಂಡ ಹೇಗೆ ಕಟ್ಟಬೇಕು, ನಡಿಗೆ ಎಂದರೆ ಯಾವುದು, ತಪ್ಪಿದರೆ ಏನು ಎಂಬುದನ್ನು ನಾಲ್ಕು ವಾರ ಮೊದಲೇ ಕಾಗದದ ಮೇಲೆ ಬರೆದಿಟ್ಟರೆ ಜಗಳದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. ಈ ಮಾರ್ಗದರ್ಶಿ 24 ಮಂದಿಯ, ನಾಲ್ವರಂತೆ 6 ತಂಡಗಳ ಪಂದ್ಯವನ್ನು ಲೆಕ್ಕಕ್ಕಿಟ್ಟುಕೊಂಡಿದೆ. ಒಬ್ಬೊಬ್ಬರ ಸರದಿ 3 ಕಿ.ಮೀ., ಅಂದರೆ ಒಂದು ಕಿಲೋಮೀಟರ್ ಹಾದಿಯಲ್ಲಿ ಮೂರು ಸುತ್ತು. ತಂಡಕ್ಕೆ ಒಟ್ಟು 12 ಕಿ.ಮೀ. ನಿಮ್ಮಲ್ಲಿ 16 ಮಂದಿ ಇರಲಿ, 40 ಮಂದಿ ಇರಲಿ, ವಿಧಾನ ಇದೇ.

ಮೊದಲು ಒಂದು ಸಣ್ಣ ಲೆಕ್ಕ

ಎಲ್ಲ ಸಂಘಗಳೂ ಕಡೆಗಣಿಸುವ ಲೆಕ್ಕ ಇದು. 3 ಕಿ.ಮೀ.ಯನ್ನು 24 ನಿಮಿಷದಲ್ಲಿ ಮುಗಿಸುವ ಚುರುಕಿನವರು ಚೆನ್ನಾಗಿ ಅಭ್ಯಾಸ ಮಾಡಿ ಶೇ 5ರಷ್ಟು ಸುಧಾರಿಸಿದರೆ ತಂಡಕ್ಕೆ ಉಳಿಯುವುದು 1 ನಿಮಿಷ 12 ಸೆಕೆಂಡ್. ಅದೇ ದೂರಕ್ಕೆ 42 ನಿಮಿಷ ತೆಗೆದುಕೊಳ್ಳುವವರು ಅದೇ ಶೇ 5 ಸುಧಾರಿಸಿದರೆ 2 ನಿಮಿಷ 6 ಸೆಕೆಂಡ್ ಉಳಿಯುತ್ತದೆ. ಚುರುಕಿನವರು ಈಗಾಗಲೇ ತಮ್ಮ ಮಿತಿಯ ಹತ್ತಿರ ಇರುತ್ತಾರೆ, ಅವರಿಂದ ಅರ್ಧ ನಿಮಿಷ ಹಿಂಡುವುದೂ ಕಷ್ಟ. ನಿಧಾನದವರಲ್ಲಿ ಮಾತ್ರ ನಿಮಿಷಗಳು ರಾಶಿ ಬಿದ್ದಿರುತ್ತವೆ. ಆದ್ದರಿಂದ ರಿಲೇ ಗೆಲ್ಲಬೇಕೆಂಬ ತಂಡ ತನ್ನ ಸಮಯವನ್ನೆಲ್ಲ ಖರ್ಚು ಮಾಡಬೇಕಾದುದು ತನ್ನ ಅತಿ ನಿಧಾನದ ಸದಸ್ಯರ ಮೇಲೆ. ತಂಡಸ್ಫೂರ್ತಿಯ ಬಗ್ಗೆ ಭಾಷಣ ಮಾಡುವ ಬದಲು ಈ ಎರಡು ಸಂಖ್ಯೆಗಳನ್ನು ಮೊದಲ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದರೆ ಸಾಕು, ಯಾರು ಯಾರ ಜೊತೆ ಅಭ್ಯಾಸಕ್ಕೆ ಹೋಗಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಆದರೆ ಈ ಲೆಕ್ಕ ಫಲ ಕೊಡಬೇಕಾದರೆ ತಂಡಗಳು ಸಮಬಲದ್ದಾಗಿರಬೇಕು. ಅದಕ್ಕೆ ಬೇಕಾದುದು ಟ್ರಯಲ್, ಅಂದರೆ ಒಬ್ಬೊಬ್ಬರ ಸಮಯ ನೋಡುವ ಪರೀಕ್ಷಾ ನಡಿಗೆ. ಟ್ರಯಲ್‌ಗೆ ಬೇಕಾದುದು ಅಳತೆಯ ಹಾದಿ.

ಹಂತ 1: ಹಾದಿ ಆರಿಸಿ ಅಳೆಯುವುದು

800 ಮೀಟರ್‌ನಿಂದ 1.5 ಕಿ.ಮೀ. ಒಳಗಿನ ಸುತ್ತು ಹಾದಿ ಒಳ್ಳೆಯದು. ಇದಕ್ಕಿಂತ ಚಿಕ್ಕದಾದರೆ ಸುತ್ತುಗಳ ಲೆಕ್ಕ ತಪ್ಪುತ್ತದೆ, ದೊಡ್ಡದಾದರೆ ತೀರ್ಪುಗಾರರು ಸಾಲುವುದಿಲ್ಲ. ಒಂದು ಕಡೆ ಹೋಗಿ ತಿರುಗಿ ಬರುವ ಹಾದಿಗಿಂತ ಸುತ್ತು ಹಾದಿ ಮೇಲು. ತಿರುವಿನ ಕೋನ್‌ಗಿಂತ ಮೊದಲೇ ತಿರುಗಿಬಿಟ್ಟರು ಎಂಬ ದೂರಿಗೆ ಅಲ್ಲಿ ಅವಕಾಶವೇ ಇಲ್ಲ. ವಾಹನ ಬರುವ ಬಡಾವಣೆ ರಸ್ತೆ ಬೇಡವೇ ಬೇಡ.

ಉದ್ಯಾನ, ಕೆರೆಯಂಗಳಗಳಿಗೆ ಅನುಮತಿ ಬೇಕು. ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯವು. ಮೈಸೂರಿನ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು. ಅರ್ಜಿಯಲ್ಲಿ ಧ್ವನಿವರ್ಧಕ ಇಲ್ಲ, ಪ್ಲಾಸ್ಟಿಕ್ ಇಲ್ಲ, ಹಾದಿ ಮುಚ್ಚುವುದಿಲ್ಲ ಎಂದು ನೀವೇ ಬರೆದುಬಿಡಿ. ಆ ಹೊತ್ತಿಗೆ ಅಲ್ಲಿ ನಡೆಯಲು ಬರುವ ಬೇರೆಯವರಿಗೆ ದಾರಿ ಬಿಡುವುದೂ ನಿಮ್ಮ ನಿಯಮಗಳಲ್ಲಿ ಒಂದಾಗಿರಲಿ.

ಅಳತೆಗೆ ಫೋನಿನ ಆ್ಯಪನ್ನೋ ಕೈಗಡಿಯಾರದ ಜಿಪಿಎಸ್ಸನ್ನೋ ನಂಬಬೇಡಿ. ಮರದ ಚಪ್ಪರದ ಕೆಳಗೆ ಸಂಕೇತ ಚದುರಿ, ಒಂದೇ ಸುತ್ತನ್ನು ಒಂದು ಗಡಿಯಾರ 970 ಮೀಟರ್ ಎಂದರೆ ಇನ್ನೊಂದು 1,040 ಎನ್ನುತ್ತದೆ. ಅಳತೆಚಕ್ರ ಇಲ್ಲದಿದ್ದರೆ ಸೈಕಲ್ ಸಾಕು. ಟೇಪಿನಿಂದ 100 ಮೀಟರ್ ನೇರ ದಾರಿ ಗುರುತು ಮಾಡಿ. ಮುಂದಿನ ಚಕ್ರದ ಟಯರಿಗೆ ಸುಣ್ಣದ ಗುರುತು ಹಾಕಿ. ಅಳೆಯುವವರೇ ಸೀಟಿನ ಮೇಲೆ ಕೂತು ಆ 100 ಮೀಟರ್‌ನಲ್ಲಿ ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ. ಸುತ್ತಳತೆ 2.1 ಮೀಟರ್ ಇದ್ದರೆ ಕಿಲೋಮೀಟರಿಗೆ ಸುಮಾರು 476 ಸುತ್ತು. ಸೈಕಲ್ ತಳ್ಳಿಕೊಂಡು ಎಣಿಸಿ ಆಮೇಲೆ ಹತ್ತಿ ಅಳೆದರೆ ಲೆಕ್ಕ ಕೆಡುತ್ತದೆ, ಯಾಕೆಂದರೆ ಭಾರ ಬಿದ್ದಾಗ ಟಯರು ಕುಸಿದು ಸುತ್ತಳತೆ ಕಡಿಮೆಯಾಗುತ್ತದೆ. ತಿರುವುಗಳಲ್ಲಿ ಒಳ ಅಂಚಿನಿಂದ 30 ಸೆಂ.ಮೀ. ದೂರದ ಗೆರೆಯಲ್ಲಿ ಅಳೆಯಬೇಕು. ರಸ್ತೆ ಓಟಗಳ ಅಳತೆಗೂ ಇದೇ ಪದ್ಧತಿ.

ಹಾದಿ 1,000 ಮೀಟರ್ ಬದಲು 985 ಇದ್ದರೆ ಆಕಾಶವೇನೂ ಬೀಳುವುದಿಲ್ಲ. ಟ್ರಯಲ್ ಮತ್ತು ರಿಲೇ ಎರಡೂ ಅದೇ ಹಾದಿಯಲ್ಲಿ, ಅದೇ ದಿಕ್ಕಿನಲ್ಲಿ ನಡೆಯುವುದು ಅದಕ್ಕಿಂತ ಮುಖ್ಯ.

ಹಂತ 2: ಟ್ರಯಲ್

ರಿಲೇಗೆ ನಾಲ್ಕು ವಾರ ಮೊದಲು ಒಂದು, ಅದರ ಮುಂದಿನ ವಾರ ಇನ್ನೊಂದು. ಎರಡರಲ್ಲಿ ಉತ್ತಮವಾದದ್ದೇ ಆ ವ್ಯಕ್ತಿಯ 'ನಿರೀಕ್ಷಿತ ಸಮಯ'. ಟ್ರಯಲ್ ದೂರವೂ ಸರದಿಯ ದೂರವೂ ಒಂದೇ ಇರಲಿ: ಇಲ್ಲಿ 3 ಕಿ.ಮೀ. ಯಾರಾದರೂ 2 ಕಿ.ಮೀ. ಮಾತ್ರ ನಡೆದಿದ್ದರೆ ಆ ಸಮಯವನ್ನು 1.5ರಿಂದ ಗುಣಿಸಬೇಡಿ, ದೂರ ಹೆಚ್ಚಾದಂತೆ ವೇಗ ಸ್ವಲ್ಪ ಇಳಿಯುತ್ತದೆ. 1.54ರಿಂದ ಗುಣಿಸಿ. 2 ಕಿ.ಮೀ.ಗೆ 22 ನಿಮಿಷ ಆಗಿದ್ದರೆ 3 ಕಿ.ಮೀ.ಗೆ 33 ನಿಮಿಷ ಅಲ್ಲ, 33 ನಿಮಿಷ 53 ಸೆಕೆಂಡ್.

ಇಲ್ಲಿ ಆಗುವ ಮೋಸ ಎಲ್ಲರಿಗೂ ಗೊತ್ತಿರುವಂಥದ್ದು: ಟ್ರಯಲ್‌ನಲ್ಲಿ ಬೇಕಂತಲೇ ನಿಧಾನ ನಡೆದು, ರಿಲೇ ದಿನ ಗಾಳಿಯಂತೆ ಹೋಗುವುದು. ಅದನ್ನು ತಡೆಯಲು ಮಿತಿ ಇಡಬೇಕು. ನಿರೀಕ್ಷಿತ ಸಮಯಕ್ಕಿಂತ ಶೇ 5ರವರೆಗಿನ ಸುಧಾರಣೆ ಮಾತ್ರ ತಂಡದ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೂ ಮೀರಿದ್ದನ್ನು ತಂಡದ ಒಟ್ಟು ಸಮಯಕ್ಕೆ ವಾಪಸ್ ಕೂಡಿಸಲಾಗುತ್ತದೆ. ಉದಾಹರಣೆಗೆ, ನಿರೀಕ್ಷಿತ ಸಮಯ 36:00. ಶೇ 5 ಎಂದರೆ 1:48, ಹಾಗಾಗಿ ಮಿತಿ 34:12. ಆ ವ್ಯಕ್ತಿ 32:30ಕ್ಕೆ ಮುಗಿಸಿದರೆ 1:42 ತಂಡಕ್ಕೆ ಕೂಡುತ್ತದೆ. ಬೈಗುಳವಿಲ್ಲ, ಅನುಮಾನದ ಮಾತಿಲ್ಲ, ಲೆಕ್ಕ ಅಷ್ಟೇ. ನಡಿಗೆ ಶುರುಮಾಡಿ ಆರು ತಿಂಗಳೂ ಆಗದವರಿಗೆ ಮಾತ್ರ ಮಿತಿಯನ್ನು ಶೇ 8 ಮಾಡಿ. ಅವರು ಮೂರು ವಾರದಲ್ಲಿ ನಿಜವಾಗಿಯೂ ಅಷ್ಟು ಸುಧಾರಿಸಬಲ್ಲರು, ಅದನ್ನು ಕಸಿದುಕೊಂಡರೆ ಅನ್ಯಾಯ.

ಹಂತ 3: ತಂಡ ಕಟ್ಟುವುದು

ನಾಯಕರು ಒಬ್ಬೊಬ್ಬರನ್ನೇ ಕರೆದು ಆರಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಎಲ್ಲರ ಕಣ್ಣೆದುರು ಕೊನೆಗೆ ಉಳಿಯುವ ಇಬ್ಬರು ಮುಂದಿನ ವರ್ಷ ಬರುವುದಿಲ್ಲ. ಚೀಟಿ ಎತ್ತುವುದೂ ಸರಿಯಲ್ಲ, ಒಂದೇ ಚೀಟಿಗೆ ಮೂವರು ಚುರುಕಿನವರು ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು.

ಹಾವಿನ ನಡೆಯ ಹಂಚಿಕೆ ಮಾಡಿ. ನಿರೀಕ್ಷಿತ ಸಮಯದ ಪ್ರಕಾರ 1ರಿಂದ 24ರವರೆಗೆ ಪಟ್ಟಿ. 1ರಿಂದ 6 ಮೊದಲ ಸಾಲು. ಇವರು ಎ, ಬಿ, ಸಿ, ಡಿ, ಇ, ಎಫ್ ತಂಡಗಳಿಗೆ ಕ್ರಮವಾಗಿ. 7ರಿಂದ 12 ಎರಡನೇ ಸಾಲು. ಇದು ಎಫ್‌ನಿಂದ ಎಗೆ ಹಿಮ್ಮುಖವಾಗಿ. 13ರಿಂದ 18 ಮತ್ತೆ ಎಯಿಂದ ಎಫ್‌ಗೆ. 19ರಿಂದ 24 ಮತ್ತೆ ಹಿಮ್ಮುಖ. ಎ ತಂಡಕ್ಕೆ 1, 12, 13, 24 ಬರುತ್ತವೆ, ಕೂಡಿದರೆ 50. ಬಿ ತಂಡಕ್ಕೆ 2, 11, 14, 23, ಅದೂ 50. ಆರೂ ತಂಡಗಳ ಮೊತ್ತ 50ಕ್ಕೇ ನಿಲ್ಲುತ್ತದೆ.

ಕ್ರಮಾಂಕದ ಮೊತ್ತ ಸಮವಾದರೂ ಸಮಯದ ಮೊತ್ತ ಸಮ ಆಗಿರುವುದಿಲ್ಲ. ಮೊದಲ ಸ್ಥಾನದವರು ಎರಡನೆಯವರಿಗಿಂತ ಮೂರು ನಿಮಿಷ ಮುಂದಿರಬಹುದು, 23ನೆಯವರಿಗೂ 24ನೆಯವರಿಗೂ ಹತ್ತೇ ಸೆಕೆಂಡ್ ಅಂತರ ಇರಬಹುದು. ಎರಡು ತಂಡಗಳ ನಡುವೆ ಮೂರು ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ ಒಂದೇ ಸಾಲಿನ ಇಬ್ಬರನ್ನು ಅದಲು ಬದಲು ಮಾಡಿ. ಸಾಲು ದಾಟಿ ಬದಲಾಯಿಸಬೇಡಿ. ಗಂಡ ಹೆಂಡತಿ ಒಂದೇ ತಂಡದಲ್ಲಿ ಬೇಕು, ಒಂದೇ ಕಾರಿನಲ್ಲಿ ಬರುವವರು ಜೊತೆಗಿರಬೇಕು ಎಂಬ ಕೋರಿಕೆಗಳು ಬಂದೇ ಬರುತ್ತವೆ. ಹಂಚಿಕೆಗೆ ಮೊದಲು ಬಂದರೆ ನೋಡೋಣ, ಆಮೇಲೆ ಇಲ್ಲ ಎಂಬುದೇ ಸರಿಯಾದ ಉತ್ತರ.

ಸರದಿಯ ಕ್ರಮ ತಂಡದ ಇಷ್ಟಕ್ಕೆ ಬಿಟ್ಟದ್ದಲ್ಲ. ನಾಲ್ಕನೇ ಸಾಲಿನ ಆರೂ ಮಂದಿ ಮೊದಲ ಸರದಿ ನಡೆಯಲಿ, ಆಮೇಲೆ ಮೂರನೇ ಸಾಲು, ಎರಡನೆಯದು, ಕೊನೆಗೆ ಮೊದಲ ಸಾಲು. ಹೀಗೆ ಮಾಡಿದರೆ ಪ್ರತಿ ಸರದಿಯಲ್ಲೂ ಹೆಚ್ಚು ಕಡಿಮೆ ಒಂದೇ ವೇಗದವರು ಜೊತೆಗಿರುತ್ತಾರೆ. ನಿಧಾನದವರು ಒಂಟಿಯಾಗಿ ನಡೆಯುತ್ತಾ, ಅತ್ತ ಶಾಮಿಯಾನ ಬಿಚ್ಚುವುದನ್ನು ನೋಡುವ ಪಾಡು ತಪ್ಪುತ್ತದೆ. ಬಿಸಿಲಿನ ದೃಷ್ಟಿಯಿಂದಲೂ ಇದೇ ಸರಿ. 6:15ಕ್ಕೆ ಶುರುವಾದರೆ ಮೊದಲ ಸರದಿ ಸುಮಾರು 40 ನಿಮಿಷ, ತಂಪಿನಲ್ಲೇ ಮುಗಿಯುತ್ತದೆ. ಎರಡನೆಯದು 34, ಮೂರನೆಯದು 30. ಬಿಸಿಲೇರುವ ಎಂಟು ಗಂಟೆಯ ಹೊತ್ತಿಗೆ ಹಾದಿಯಲ್ಲಿರುವವರು 26 ನಿಮಿಷದಲ್ಲಿ ಮುಗಿಸಿ ನೆರಳಿಗೆ ಬರುವ ಚುರುಕಿನವರು. ಜನವರಿ ಮೊದಲ ವಾರ ಬೆಂಗಳೂರಿನಲ್ಲಿ ಸೂರ್ಯೋದಯವೇ 6:40ರ ಸುಮಾರಿಗೆ. ಆ ತಿಂಗಳಲ್ಲಾದರೆ 6:45ಕ್ಕೆ ಶುರುಮಾಡಿ, ಕತ್ತಲಲ್ಲಿ ಹಿರಿಯರನ್ನು ಬಿಡಬೇಡಿ.

ಹಂತ 4: ಉಳಿದ ಅಂತರಕ್ಕೆ ಹ್ಯಾಂಡಿಕ್ಯಾಪ್

ಹಂಚಿಕೆಯ ನಂತರ ಒಂದೆರಡು ನಿಮಿಷದ ವ್ಯತ್ಯಾಸ ಉಳಿದೇ ಇರುತ್ತದೆ. ಅದನ್ನು ಹೊರಡುವ ಗೆರೆಯಲ್ಲೇ ಸರಿಪಡಿಸಿ: ಚುರುಕಿನ ತಂಡ ಅಷ್ಟು ತಡವಾಗಿ ಹೊರಡುವುದೇ ಹ್ಯಾಂಡಿಕ್ಯಾಪ್. ಬಿ ತಂಡದ ನಿರೀಕ್ಷಿತ ಮೊತ್ತ 2:11:10, ಎ ತಂಡದ್ದು 2:09:40, ಸಿ ತಂಡದ್ದು 2:08:50 ಎಂದಿಟ್ಟುಕೊಳ್ಳಿ. ಬಿ ಮೊದಲು ಹೊರಡುತ್ತದೆ. 1 ನಿಮಿಷ 30 ಸೆಕೆಂಡ್ ಆದ ಮೇಲೆ ಎ. ಶುರುವಿನಿಂದ 2 ನಿಮಿಷ 20 ಸೆಕೆಂಡಿಗೆ ಸಿ. ಎಲ್ಲರೂ ನಿರೀಕ್ಷೆಯಂತೆಯೇ ನಡೆದರೆ ಆರೂ ತಂಡಗಳು ಒಟ್ಟಿಗೇ ಗೆರೆ ಮುಟ್ಟಬೇಕು. ನಿರೀಕ್ಷೆಗಿಂತ ಹೆಚ್ಚು ಸುಧಾರಿಸಿದ ತಂಡ ಮುಂದೆ ಬರುತ್ತದೆ.

ಎಲ್ಲರನ್ನೂ ಒಟ್ಟಿಗೇ ಕಳಿಸಿ, ಆಮೇಲೆ ಸಮಯ ಕಳೆಯುವ ವಿಧಾನವೂ ಇದೆ. ಲೆಕ್ಕ ಒಂದೇ, ಆದರೆ ನೋಡುವವರಿಗೆ ಯಾರು ಮುಂದಿದ್ದಾರೆಂದು ಕೊನೆಯವರೆಗೂ ತಿಳಿಯುವುದಿಲ್ಲ. ರಿಲೇಯ ರುಚಿಯೇ ಹೋಗುತ್ತದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ರಾಮ್ ಬಾಬು ಮತ್ತು ಮಂಜು ರಾಣಿ ಕಂಚು ಗೆದ್ದ 35 ಕಿ.ಮೀ. ಮಿಶ್ರ ತಂಡ ನಡಿಗೆ ಕೂಡ ಹೀಗೆ ಗೆರೆ ದಾಟಿದ ಮೇಲೆ ಸಮಯ ಕೂಡಿಸಿ ನೋಡುವ ಪಂದ್ಯವೇ ಆಗಿತ್ತು. ಅದಾದ ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಎರಡೆರಡು ಸರದಿಯಂತೆ 42.195 ಕಿ.ಮೀ. ನಡೆಯುವ ನಿಜವಾದ ರಿಲೇ ಬಂತು. ಸ್ಪೇನಿನ ಅಲ್ವಾರೊ ಮಾರ್ಟಿನ್ ಮತ್ತು ಮರಿಯಾ ಪೆರೆಸ್ ಚಿನ್ನ ಗೆದ್ದರು, ಭಾರತದಿಂದ ಸೂರಜ್ ಪನ್ವಾರ್ ಮತ್ತು ಪ್ರಿಯಾಂಕಾ ಗೋಸ್ವಾಮಿ ಸ್ಪರ್ಧಿಸಿದ್ದರು. ಸರದಿ ಬದಲಾದಾಗಲೆಲ್ಲ ಸ್ಥಾನ ಬದಲಾಗುವುದನ್ನು ಕಣ್ಣಾರೆ ಕಾಣುವುದೇ ಇದರ ಸೊಗಸು.

ಹಂತ 5: ನಡಿಗೆ ಎಂದರೆ ಯಾವುದು?

ಅಂತರರಾಷ್ಟ್ರೀಯ ನಡಿಗೆ ಸ್ಪರ್ಧೆಗೆ ಎರಡು ನಿಯಮ. ಒಂದು, ಬರಿಗಣ್ಣಿಗೆ ಕಾಣುವಂತೆ ಎರಡೂ ಪಾದ ನೆಲ ಬಿಟ್ಟಿರಬಾರದು. ಎರಡು, ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ಕೆಳಗೆ ನೇರ ಬರುವವರೆಗೆ ಮಂಡಿ ಬಾಗಿರಬಾರದು.

ಸಂಘದ ರಿಲೇಗೆ ಮೊದಲನೆಯದು ಮಾತ್ರ ಸಾಕು. ಮಂಡಿ ನಿಯಮ ಬೇಡ. ಮಂಡಿ ಸವೆದ ಅರವತ್ತರ ಆಸುಪಾಸಿನವರಿಗೆ ಕಾಲನ್ನು ಅಷ್ಟು ನೇರ ಮಾಡಲಾಗುವುದಿಲ್ಲ, ಬಲವಂತದಿಂದ ಮಾಡಿದರೆ ನೋವು ಹೆಚ್ಚುತ್ತದೆ. ಅಭ್ಯಾಸವಿಲ್ಲದ ತೀರ್ಪುಗಾರರಿಗೆ ಅದು ಸರಿಯಾಗಿ ಕಾಣುವುದೂ ಇಲ್ಲ. ನಿಮ್ಮ ನಿಯಮ ಪುಸ್ತಕದಲ್ಲಿ ಒಂದೇ ವಾಕ್ಯ ಇರಲಿ: "ಯಾವ ಹೊತ್ತಿನಲ್ಲೂ ಒಂದು ಪಾದ ನೆಲದ ಮೇಲಿರುವುದು ಕಣ್ಣಿಗೆ ಕಾಣಬೇಕು."

'ಕಣ್ಣಿಗೆ' ಎಂಬುದನ್ನು ಬಿಡಬೇಡಿ. ಮೊಬೈಲಿನ ಸ್ಲೋ ಮೋಷನ್ ವಿಡಿಯೊ ಹಿಡಿದು ವಾದಕ್ಕೆ ಬರುವವರು ಇದ್ದೇ ಇರುತ್ತಾರೆ. ಹಾಗೆ ನೋಡಿದರೆ ಒಲಿಂಪಿಕ್ ನಡಿಗೆದಾರರ ಪಾದಗಳೂ ಕ್ಷಣಮಾತ್ರ ನೆಲ ಬಿಟ್ಟಿರುವುದು ಕಾಣುತ್ತದೆ. ವಿಡಿಯೊ ಸಾಕ್ಷಿ ಅಲ್ಲ ಎಂದು ಮೊದಲೇ ಬರೆದಿಡಿ.

ಜೊತೆಗೆ ಸಣ್ಣಪುಟ್ಟವು: ಟ್ರಯಲ್‌ನಲ್ಲಿ ಕೋಲು ಹಿಡಿದವರು ರಿಲೇಯಲ್ಲೂ ಹಿಡಿಯಬಹುದು. ಇಯರ್‌ಫೋನ್ ಇಲ್ಲ. ಸರದಿ ಇಲ್ಲದ ಜೊತೆಗಾರರು ಪಕ್ಕದಲ್ಲೇ ನಡೆದು ವೇಗ ಕೊಡುವಂತಿಲ್ಲ, ಹುರಿದುಂಬಿಸುವುದು ಒಬ್ಬರಿಂದ ಮುಂದಿನವರಿಗೆ ಸರದಿ ದಾಟುವ ಹಸ್ತಾಂತರ ವಲಯದ ಬಳಿ ಮಾತ್ರ.

ಹಂತ 6: ತೀರ್ಪುಗಾರರು

ಒಂದು ಕಿಲೋಮೀಟರ್ ಸುತ್ತಿಗೆ ಮೂವರು ಬೇಕು, ಮೂವರೂ ಹೊರಗಿನವರಾಗಿರಬೇಕು. ಪಕ್ಕದ ಬಡಾವಣೆಯ ಸಂಘದೊಂದಿಗೆ ಮುಯ್ಯಿಗೆ ಮುಯ್ಯಿ ಮಾಡಿಕೊಳ್ಳಿ: ನಮ್ಮ ಪಂದ್ಯಕ್ಕೆ ನೀವು, ನಿಮ್ಮ ಪಂದ್ಯಕ್ಕೆ ನಾವು. ತಂಡದ ಸದಸ್ಯರ ಮನೆಯವರನ್ನೇ ನಿಲ್ಲಿಸಿದರೆ ಅವರು ಎಷ್ಟೇ ಪ್ರಾಮಾಣಿಕರಾದರೂ ಓಡಿದ್ದಕ್ಕೆ ಕೊಟ್ಟ ಒಂದು ಕೆಂಪು ಚೀಟಿಯ ಮಾತು ವರ್ಷಗಟ್ಟಲೆ ಉಳಿಯುತ್ತದೆ.

ನಿಲ್ಲುವ ಜಾಗ: ಒಬ್ಬರು ಹಸ್ತಾಂತರ ವಲಯಕ್ಕೆ 40 ಮೀಟರ್ ಮೊದಲು, ಯಾಕೆಂದರೆ ಓಟ ಶುರುವಾಗುವುದೇ ಅಲ್ಲಿ. ಇನ್ನೊಬ್ಬರು ಇಳಿಜಾರಿದ್ದರೆ ಅದರ ತಳದಲ್ಲಿ. ಇಳಿಜಾರಿನಲ್ಲಿ ಹೆಜ್ಜೆ ಉದ್ದವಾಗಿ, ಬೇಡವೆಂದರೂ ಪಾದ ನೆಲ ಬಿಡುತ್ತದೆ. ಮೂರನೆಯವರು ಯಾರ ಕಣ್ಣಿಗೂ ಬೀಳದ ದೂರದ ತಿರುವಿನಲ್ಲಿ. ಹಾದಿಯಿಂದ 6ರಿಂದ 8 ಮೀಟರ್ ದೂರ ನಿಂತು ಪಕ್ಕದಿಂದ ನೋಡಬೇಕು. ಎದುರಿನಿಂದ, ಹಿಂದಿನಿಂದ ನೋಡಿದರೆ ಪಾದ ಎತ್ತಿದ್ದು ತಿಳಿಯುವುದಿಲ್ಲ. ತಲೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಭುಜ ಎಗರುತ್ತಿದ್ದರೆ ಅಂಥವರ ಪಾದದ ಮೇಲೆ ಕಣ್ಣಿಡಿ. ಆದರೆ ಚೀಟಿ ಕೊಡುವುದು ಪಾದ ನೋಡಿ, ತಲೆ ನೋಡಿ ಅಲ್ಲ.

ಮೊದಲ ಸಲ ಹಳದಿ ಫಲಕ. ಅದು ಎಚ್ಚರಿಕೆ ಮಾತ್ರ, ಶಿಕ್ಷೆಯಿಲ್ಲ. ಅದೇ ವ್ಯಕ್ತಿ ಅದೇ ತೀರ್ಪುಗಾರರ ಮುಂದೆ ಮತ್ತೆ ಓಡಿದರೆ ಕೆಂಪು ಚೀಟಿ. ಒಬ್ಬ ತೀರ್ಪುಗಾರರಿಂದ ಒಬ್ಬರಿಗೆ ಒಂದು ಸರದಿಯಲ್ಲಿ ಒಂದೇ ಕೆಂಪು. ಒಂದು ಕೆಂಪು ಬಂದರೆ ಬೋರ್ಡಿನಲ್ಲಿ ಅವರ ಬಿಬ್ (ಎದೆಯ ಮೇಲಿನ ಚೀಟಿ) ಸಂಖ್ಯೆ ಬರೆಯುತ್ತಾರೆ, ಅಷ್ಟೇ. ಎರಡನೆಯವರಿಂದಲೂ ಬಂದರೆ ಹಸ್ತಾಂತರಕ್ಕೆ ಮೊದಲು 1 ನಿಮಿಷ ಪೆನಾಲ್ಟಿ ಜಾಗದಲ್ಲಿ ನಿಲ್ಲಬೇಕು. ಮೂರನೆಯದು ಬಂದರೆ ಇನ್ನೂ 2 ನಿಮಿಷ.

ಅನರ್ಹತೆ ಇಡಬೇಡಿ. ವೈಯಕ್ತಿಕ ಸ್ಪರ್ಧೆಯಲ್ಲಿ ತಪ್ಪಿನ ಫಲ ತಪ್ಪಿದವರೇ ಉಣ್ಣುತ್ತಾರೆ. ರಿಲೇಯಲ್ಲಿ ಒಬ್ಬರ ಅವಸರಕ್ಕೆ ನಿಯತ್ತಾಗಿ ನಡೆದ ಮೂವರ ಬೆಳಗು ಹಾಳಾಗುತ್ತದೆ. ಒಂದು ನಿಮಿಷ ನಿಂತರೆ ನೋವೂ ತಟ್ಟುತ್ತದೆ, ಪಂದ್ಯವೂ ಉಳಿಯುತ್ತದೆ. ಅಂತರರಾಷ್ಟ್ರೀಯ ನಡಿಗೆಯಲ್ಲಿ ಕೂಡ ಈಗ ಇಂಥ ಪೆನಾಲ್ಟಿ ವಲಯ ಬಂದಿದೆ, 10 ಕಿ.ಮೀ.ಗೆ 1 ನಿಮಿಷ, 20 ಕಿ.ಮೀ.ಗೆ 2 ನಿಮಿಷ ಅಲ್ಲಿನ ದರ.

ಕೆಡುವುದು ಎಲ್ಲಿ ಎಂದರೆ ಚೀಟಿ ತಲುಪುವುದರಲ್ಲಿ. ದೂರದ ತಿರುವಿನ ಚೀಟಿ ಬರುವಷ್ಟರಲ್ಲಿ ಆ ವ್ಯಕ್ತಿ ಸರದಿ ಮುಗಿಸಿ ನೀರು ಕುಡಿಯುತ್ತಿರುತ್ತಾರೆ. ಪ್ರತಿ ತೀರ್ಪುಗಾರರ ಬಳಿ ಸೈಕಲ್ ಹಿಡಿದ ಒಬ್ಬ ಹುಡುಗನೋ ಹುಡುಗಿಯೋ ಇರಲಿ. ಆದರೂ ತಡವಾದರೆ ಆ ನಿಮಿಷಗಳನ್ನು ತಂಡದ ಕೊನೆಯ ಸಮಯಕ್ಕೆ ಕೂಡಿಸಿ. ಮುಂದಿನ ಸರದಿಯವರನ್ನು ತಡೆದು ನಿಲ್ಲಿಸಬೇಡಿ.

ಹಂತ 7: ಹಸ್ತಾಂತರ ಮತ್ತು ಸುತ್ತುಗಳ ಎಣಿಕೆ

ಸುಣ್ಣದ ಪುಡಿಯಿಂದ 20 ಮೀಟರ್ ಉದ್ದದ ವಲಯ ಗುರುತಿಸಿ. ಬ್ಯಾಟನ್ ಬೇಡ, ಬೀಳುತ್ತದೆ, ಎತ್ತಲು ಬಾಗಿದವರ ಮೇಲೆ ಹಿಂದಿನವರು ಎಡವುತ್ತಾರೆ. ಜಪಾನಿನ ಎಕಿಡೆನ್ ಓಟಗಳಂತೆ ಹೆಗಲಿಗೆ ಪಟ್ಟಿ ತೊಡಿಸುವುದು ಚಂದ, ಆದರೆ ಬಿಚ್ಚುವ ಗಡಿಬಿಡಿಯಲ್ಲಿ ನಡಿಗೆ ಕೆಡುತ್ತದೆ. ಅಂಗೈಗೆ ಅಂಗೈ ತಟ್ಟುವುದೇ ಸಾಕು. ಹೊರಡುವವರು ವಲಯದೊಳಗೆ ಎರಡೂ ಪಾದ ಊರಿ ನಿಂತಿರಬೇಕು, ತಟ್ಟಿದ ಮೇಲೆಯೇ ಹೆಜ್ಜೆ. ನಡೆಯುತ್ತಾ ತಟ್ಟಿಸಿಕೊಳ್ಳಲು ಬಿಟ್ಟರೆ ಹೊರಡುವವರು ಮುಂದೆ, ಬರುವವರು ಹಿಂದೆ, ಹಿಡಿಯಲೆಂದು ಇಬ್ಬರೂ ಓಡುತ್ತಾರೆ.

ವಲಯಕ್ಕೆ 150 ಮೀಟರ್ ಮೊದಲು ಒಬ್ಬರು ನಿಂತು ಬರುವವರ ಬಿಬ್ ಸಂಖ್ಯೆ ಕೂಗಲಿ. ಆಗ ಮಾತ್ರ ಮುಂದಿನ ಸರದಿಯವರು ಒಳಬರಬೇಕು. ಇಲ್ಲದಿದ್ದರೆ 24 ಮಂದಿಯೂ ಅವರ ಮನೆಯವರೂ ಅಲ್ಲೇ ಗುಂಪುಗೂಡುತ್ತಾರೆ.

ಎಷ್ಟು ಸುತ್ತಾಯಿತು ಎಂಬುದೇ ಅತಿ ಹೆಚ್ಚು ಜಗಳ ತರುವ ವಿಷಯ, ಅದಕ್ಕೆ ಪರಿಹಾರ ಹತ್ತು ರೂಪಾಯಿಯದು. ಮೊದಲ ಸುತ್ತು ಮುಗಿಸಿದಾಗ ಕೈಗೊಂದು ಕೆಂಪು ರಬ್ಬರ್ ಬ್ಯಾಂಡ್, ಎರಡನೆಯದು ಮುಗಿಸಿದಾಗ ಹಸಿರು. ಹಸ್ತಾಂತರ ವಲಯಕ್ಕೆ ಬಂದಾಗ ಎರಡೂ ಬಣ್ಣ ಕೈಯಲ್ಲಿರಬೇಕು. ಇಲ್ಲದಿದ್ದರೆ ಇನ್ನೊಂದು ಸುತ್ತು. ಬ್ಯಾಂಡ್ ಕೊಡುವವರು ಬೇರೆ ಯಾವ ಕೆಲಸವನ್ನೂ ಮಾಡಬಾರದು, ಫೋಟೊ ಅಂತೂ ಕೂಡದು.

ಸಮಯಕ್ಕೆ ಒಂದೇ ಗಡಿಯಾರ. ಮೊದಲ ತಂಡ ಹೊರಟಾಗ ಒತ್ತಿದ್ದನ್ನು ಕೊನೆಯವರೆಗೂ ನಿಲ್ಲಿಸಬೇಡಿ. ಪ್ರತಿ ಹಸ್ತಾಂತರದ ಹೊತ್ತನ್ನು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಇನ್ನೊಬ್ಬರು ಎರಡನೇ ಗಡಿಯಾರದಲ್ಲಿ ಅದನ್ನೇ ಮಾಡಲಿ. ಒಬ್ಬೊಬ್ಬರಿಗೆ ಒಂದೊಂದು ಸ್ಟಾಪ್‌ವಾಚ್ ಇಟ್ಟರೆ ಮೂರನೇ ಸರದಿಗೆ ಯಾವುದು ಯಾರದೆಂದು ತಿಳಿಯದು.

ಹಂತ 8: ನಿಂತುಬಿಡುವ ಹಕ್ಕು

ಬೇರೆ ಎಲ್ಲ ನಿಯಮ ಮರೆತರೂ ಇದನ್ನು ಮರೆಯಬೇಡಿ. ತಂಡದ ಮಾನ ಉಳಿಸಬೇಕೆಂಬ ಹುಮ್ಮಸ್ಸು ಐವತ್ತು ದಾಟಿದವರಲ್ಲಿ ಅಪಾಯಕ್ಕೂ ದಾರಿ. ತಲೆ ಸುತ್ತುತ್ತಿದ್ದರೂ, ಎದೆ ಹಿಡಿದಂತಾದರೂ "ಇನ್ನೊಂದೇ ಸುತ್ತು ತಾನೆ" ಎಂದು ಹೇಳದೆ ಮುಚ್ಚಿಟ್ಟುಕೊಳ್ಳುತ್ತಾರೆ. ಒಬ್ಬರು ನಿಂತರೆ ತಂಡವೇ ಹೊರಬೀಳುತ್ತದೆ ಎಂಬ ನಿಯಮ ಇದ್ದರೆ ಅವರು ಹಾಗೆ ಮಾಡದೆ ಇನ್ನೇನು ಮಾಡಿಯಾರು?

ಆದ್ದರಿಂದ ನಿಯಮ ಹೀಗಿರಲಿ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ನಿಲ್ಲಬಹುದು. ಅವರ ಸರದಿಗೆ ಆ ಸಾಲಿನ ಅತಿ ನಿಧಾನದ ಸಮಯಕ್ಕೆ 1 ನಿಮಿಷ ಕೂಡಿಸಿ ಬರೆಯಲಾಗುತ್ತದೆ. ಮುಂದಿನವರು ಆ ಹೊತ್ತಿಗೆ ಸರಿಯಾಗಿ ಹೊರಡುತ್ತಾರೆ, ತಂಡ ಪಂದ್ಯದಲ್ಲಿ ಉಳಿಯುತ್ತದೆ. ನಿಲ್ಲುವುದರ ಬೆಲೆ ಒಂದೇ ನಿಮಿಷ ಎಂದಾದಾಗ ಜನ ನಿಲ್ಲುತ್ತಾರೆ.

ಬೆಳಿಗ್ಗೆ ಬರಲಾಗದವರ ಬದಲಿಗೂ ಇಂಥದ್ದೇ ಲೆಕ್ಕ. ಕಾಯ್ದಿಟ್ಟ ಆಟಗಾರರು ಬರಬಹುದು. ಅವರ ನಿರೀಕ್ಷಿತ ಸಮಯ ಮೂಲ ಸದಸ್ಯರಿಗಿಂತ ಕಡಿಮೆ ಇದ್ದರೆ ಆ ವ್ಯತ್ಯಾಸವನ್ನು ತಂಡಕ್ಕೆ ಕೂಡಿಸಿ.

ಹಸ್ತಾಂತರ ವಲಯದ ಬಳಿ ನೀರು, ಒಆರ್‌ಎಸ್, ಬೆಲ್ಲ ಅಥವಾ ಗ್ಲೂಕೋಸ್ ಇರಲಿ. ಸಕ್ಕರೆ ಕಾಯಿಲೆಯವರು ಬರಿಹೊಟ್ಟೆಯಲ್ಲಿ ಬರಬಾರದು. 108 ಆಂಬುಲೆನ್ಸ್ ಉದ್ಯಾನದ ಯಾವ ಗೇಟಿನಿಂದ ಒಳಬರಬೇಕು, ಆ ಗೇಟು ಭಾನುವಾರ ತೆರೆದಿರುತ್ತದೆಯೇ ಎಂದು ಹಿಂದಿನ ವಾರವೇ ಹೋಗಿ ನೋಡಿ ಬನ್ನಿ. ಫೋನು ಮಾಡಲು ಒಬ್ಬರನ್ನು ಹೆಸರಿಸಿ; ಎಲ್ಲರೂ ಮಾಡುತ್ತಾರೆ ಅಂದುಕೊಂಡಲ್ಲಿ ಯಾರೂ ಮಾಡಿರುವುದಿಲ್ಲ.

ಹಂತ 9: ಮೂರು ವಾರದ ಅಭ್ಯಾಸ

ಮೊದಲ ಸಾಲಿನವರು ನಾಲ್ಕನೇ ಸಾಲಿನವರ ಜೊತೆ ವಾರಕ್ಕೆ ಎರಡು ದಿನ ನಡೆಯಬೇಕು. ಮುಂದೆ ಅಲ್ಲ, ಅರ್ಧ ಹೆಜ್ಜೆ ಹಿಂದೆ. ಮುಂದೆ ನಡೆದರೆ ಹಿಂದಿನವರು ಹಿಡಿಯಲೆಂದು ಹೆಜ್ಜೆ ಉದ್ದ ಮಾಡುತ್ತಾರೆ. ಹಿಮ್ಮಡಿ ದೂರ ಬಿದ್ದು ಮೊಣಕಾಲಿಗೆ ಪೆಟ್ಟು, ಸ್ನಾಯು ಸೆಳೆತ, ಕೊನೆಗೆ ಓಟ.

ಹೆಜ್ಜೆ ಉದ್ದ ಮಾಡುವುದಲ್ಲ, ಹೆಚ್ಚು ಮಾಡುವುದು ಉಪಾಯ. 3 ಕಿ.ಮೀ.ಗೆ 42 ನಿಮಿಷ ಎಂದರೆ ನಿಮಿಷಕ್ಕೆ ಸುಮಾರು 71 ಮೀಟರ್. ಹೆಜ್ಜೆ 62 ಸೆಂ.ಮೀ. ಇದ್ದರೆ ನಿಮಿಷಕ್ಕೆ 115 ಹೆಜ್ಜೆ. ಹೆಜ್ಜೆಯ ಉದ್ದ ಬದಲಿಸದೆ ಅದನ್ನು 121 ಮಾಡಿದರೆ ಶೇ 5ರ ಸುಧಾರಣೆ ಸಿಕ್ಕಿತು. ನಿಮಿಷಕ್ಕೆ ಆರೇ ಹೆಜ್ಜೆ. ಮೊಣಕೈಯನ್ನು ಸುಮಾರು 90 ಡಿಗ್ರಿ ಮಡಚಿ ತೋಳು ಬೇಗ ಬೀಸಿದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ತೋಳು ಜೋತುಬಿಟ್ಟು ಕಾಲನ್ನಷ್ಟೇ ಚುರುಕು ಮಾಡಲು ಹೊರಟರೆ ಹತ್ತು ನಿಮಿಷಕ್ಕೆ ಕಣಕಾಲು ಬಿಗಿಯುತ್ತದೆ. ಮೊಬೈಲಿನಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿ ಮೊದಲ ವಾರ 117, ಎರಡನೇ ವಾರ 119, ಮೂರನೇ ವಾರ 121. ದಿನಕ್ಕೆ 5 ನಿಮಿಷದ ನಾಲ್ಕು ಕಂತು, ನಡುವೆ 2 ನಿಮಿಷ ಆರಾಮದ ನಡಿಗೆ. ರಿಲೇಗೆ ಮೊದಲಿನ ಎರಡು ದಿನ ಏನೂ ಬೇಡ.

ತಂಡ ಎಂದರೆ ಎಲ್ಲರೂ ಕೊನೆಯವರ ವೇಗಕ್ಕೆ ಇಳಿಯುವುದು ಎಂಬ ಇನ್ನೊಂದು ಮಾದರಿಯೂ ಇದೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾದ ಟ್ರೈಲ್‌ವಾಕರ್‌ನಲ್ಲಿ ನಾಲ್ವರೂ 100 ಕಿ.ಮೀ.ಯನ್ನು ಜೊತೆಯಾಗಿಯೇ ಮುಗಿಸಬೇಕು. ಬೆಂಗಳೂರಿನ ಆವೃತ್ತಿಯಲ್ಲಿ ಅದಕ್ಕೆ 48 ಗಂಟೆಯ ಗಡುವಿತ್ತು. ಅದು ಬೇರೆಯೇ ಆಟ. ರಿಲೇಯಲ್ಲಿ ಪ್ರತಿಯೊಬ್ಬರೂ ತಮ್ಮ 3 ಕಿ.ಮೀ.ಯನ್ನು ಒಬ್ಬರೇ ನಡೆಯಬೇಕು, ಜೊತೆ ಸಿಗುವುದು ಅಭ್ಯಾಸದಲ್ಲಿ ಮಾತ್ರ.

ಹಂತ 10: ತಕರಾರು, ಫಲಿತಾಂಶ, ಬಹುಮಾನ

ತಕರಾರು ಇದ್ದರೆ ಫಲಿತಾಂಶ ಬೋರ್ಡಿಗೆ ಬಂದ 15 ನಿಮಿಷದೊಳಗೆ ನಾಯಕರು ಮಾತ್ರ, ಬರವಣಿಗೆಯಲ್ಲಿ. ತಕರಾರಿನಲ್ಲಿರುವ ತಂಡಗಳಿಗೆ ಸೇರದ ಮೂವರು ತೀರ್ಮಾನಿಸುತ್ತಾರೆ. ಸಮಯ, ಸುತ್ತು, ಬದಲಿ ಆಟಗಾರರ ಬಗ್ಗೆ ತಕರಾರು ಎತ್ತಬಹುದು. ಓಡಿದರೋ ನಡೆದರೋ ಎಂಬ ತೀರ್ಪಿನ ಬಗ್ಗೆ ಇಲ್ಲ.

ಗೆರೆ ಮೊದಲು ಮುಟ್ಟಿದವರನ್ನೇ ಗೆದ್ದವರೆಂದು ಕೂಗಿಬಿಡಬೇಡಿ. ಶೇ 5ರ ಮಿತಿ, ತಡವಾಗಿ ಬಂದ ಕೆಂಪು ಚೀಟಿ ಇವೆಲ್ಲ ಕೂಡಿಸಲು ಹತ್ತು ನಿಮಿಷ ಬೇಕು. ಎಲ್ಲರೆದುರು ಘೋಷಿಸಿ ಹಾರ ಹಾಕಿದ ಮೇಲೆ ವಾಪಸ್ ತೆಗೆದುಕೊಂಡರೆ ಲೆಕ್ಕ ಎಷ್ಟೇ ಸರಿಯಿದ್ದರೂ ಯಾರೂ ಒಪ್ಪುವುದಿಲ್ಲ.

ತಂಡದ ಬಹುಮಾನ ನಾಲ್ವರಿಗೂ ಒಂದೇ ಬೆಲೆಯದು. 'ಅತಿ ವೇಗದ ನಡಿಗೆದಾರ' ಎಂಬ ಪ್ರಶಸ್ತಿ ಬೇಡ, ಅದು ಮೂರು ವಾರದ ಕೆಲಸವನ್ನು ಒಂದೇ ಏಟಿಗೆ ಅಳಿಸಿಹಾಕುತ್ತದೆ. ವೈಯಕ್ತಿಕ ಬಹುಮಾನ ಬೇಕೇಬೇಕೆಂದರೆ ಸಾಲಿಗೊಂದರಂತೆ ನಾಲ್ಕು ಕೊಡಿ, ನಾಲ್ಕನೇ ಸಾಲಿನಿಂದ ಶುರುಮಾಡಿ.

ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಫಲಿತಾಂಶದಲ್ಲಿ 24 ಹೆಸರುಗಳನ್ನು ವೇಗದ ಕ್ರಮದಲ್ಲಿ ಜೋಡಿಸಬೇಡಿ. 24ನೆಯವರ ಹೆಸರನ್ನು ಅವರ ಮೊಮ್ಮಕ್ಕಳೂ ನೋಡುತ್ತಾರೆ. ತಂಡವಾರು ಹಾಕಿ, ಪ್ರತಿಯೊಬ್ಬರ ಮುಂದೆ ನಿರೀಕ್ಷಿತ ಸಮಯ, ನಡೆದ ಸಮಯ, ಉಳಿಸಿದ ಸೆಕೆಂಡುಗಳು. ಈ ಹಾಳೆಯನ್ನು ಕಾರ್ಯದರ್ಶಿಯ ಫೋನಿನಲ್ಲಷ್ಟೇ ಇಡದೆ ಸಂಘದ ಕಡತಕ್ಕೂ ಸೇರಿಸಿ. ಮುಂದಿನ ರಿಲೇಯ ಟ್ರಯಲ್‌ನಲ್ಲಿ ಯಾರಾದರೂ ಈ ಸಲ ನಡೆದದ್ದಕ್ಕಿಂತ ಶೇ 10ರಷ್ಟು ನಿಧಾನವಾಗಿ ಬಂದರೆ, ಕಾಯಿಲೆಯ ಕಾರಣ ಇಲ್ಲದಿದ್ದಲ್ಲಿ, ಈ ಹಾಳೆಯ ಸಮಯವೇ ಅವರ ನಿರೀಕ್ಷಿತ ಸಮಯ.